ಹತ್ತು ರೋಗಿಗಳು, ಇಪ್ಪತ್ತು ಸಾವಿರ ಮಕ್ಕಳು: ಎರಡು ಗುಂಪುಗಳನ್ನು ಹೋಲಿಸುವ ವಿವೇಕ



ಮನೋವಿಜ್ಞಾನ, ಶಿಕ್ಷಣ, ಸಮಾಜಕಾರ್ಯ ವಿಭಾಗಗಳಲ್ಲಿ ಸಿದ್ಧವಾಗುವ ಪ್ರಬಂಧಗಳ ನಾಲ್ಕನೆಯ ಅಧ್ಯಾಯ ಸಾಮಾನ್ಯವಾಗಿ 'ದತ್ತಾಂಶ ವಿಶ್ಲೇಷಣೆ ಮತ್ತು ಅರ್ಥವಿವರಣೆ'. ಅದರಲ್ಲಿ ಒಂದೇ ಬಗೆಯ ಕೋಷ್ಟಕ ಮತ್ತೆ ಮತ್ತೆ ಬರುತ್ತದೆ. ಹುಡುಗರು–ಹುಡುಗಿಯರು, ನಗರ–ಗ್ರಾಮ, ಸರ್ಕಾರಿ ಶಾಲೆ–ಖಾಸಗಿ ಶಾಲೆ. ಪ್ರತಿ ಸಾಲಿನಲ್ಲಿ ಸಂಖ್ಯೆ, ಸರಾಸರಿ, ಮಾನಕ ವಿಚಲನೆ; ಕೊನೆಯಲ್ಲಿ ಒಂದು ಟಿ ಮೌಲ್ಯ. ಅದರ ಕೆಳಗೆ 'ಶೂನ್ಯ ಪ್ರಾಕ್ಕಲ್ಪನೆಯನ್ನು ತಿರಸ್ಕರಿಸಲಾಗಿದೆ' ಅಥವಾ 'ಸ್ವೀಕರಿಸಲಾಗಿದೆ' ಎಂಬ ತೀರ್ಪು. ಅಷ್ಟಾದರೆ ಪುಟ ಮುಗಿಯಿತು.

ಈ ಟಿ ಪರೀಕ್ಷೆಯ ಮೇಲೆ ನನಗೆ ಗೌರವವಿದೆ. ಆ ಗೌರವದಿಂದಲೇ ಇವತ್ತು ಒಂದು ಮಾತನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಟಿ ಪರೀಕ್ಷೆಯ ಬಲವೆಲ್ಲ ಲೆಕ್ಕಕ್ಕೆ ಮೊದಲೇ ನಿರ್ಧಾರವಾಗಿರುತ್ತದೆ. ಯಾರನ್ನು ಯಾರೊಂದಿಗೆ ಹೋಲಿಸುತ್ತೇವೆ, ಆ ಎರಡು ಗುಂಪುಗಳು ಹೇಗೆ ಉಂಟಾದವು, ಎಷ್ಟು ವ್ಯತ್ಯಾಸವನ್ನು ದೊಡ್ಡದೆನ್ನುತ್ತೇವೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದೆ ಬಂದ ಟಿ ಮೌಲ್ಯ ಎಷ್ಟೇ ದೊಡ್ಡದಿದ್ದರೂ ಬರಿದು.

1. ಸಣ್ಣ ಮಾದರಿಯ ಸಂಕಟ

ಟಿ ಪರೀಕ್ಷೆಯ ಮೂಲಪುರುಷ ವಿಲಿಯಂ ಸೀಲಿ ಗೋಸೆಟ್ 1876ರಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ ಹುಟ್ಟಿದವರು. ಆಕ್ಸ್‌ಫರ್ಡಿನಲ್ಲಿ ಗಣಿತ ಮತ್ತು ರಸಾಯನಶಾಸ್ತ್ರ ಓದಿ, 1899ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಗೆ ಸೇರಿದರು. ಅವರ ಕೈಗೆ ಬರುತ್ತಿದ್ದ ಅಳತೆಗಳು ಬೆರಳೆಣಿಕೆಯಷ್ಟು: ನಾಲ್ಕಾರು ತಾಕುಗಳ ಬಾರ್ಲಿ, ಕೆಲವೇ ಮಾದರಿಗಳ ಮಾಲ್ಟ್. ಆ ಕಾಲದ ಸಂಖ್ಯಾಶಾಸ್ತ್ರವೋ ನೂರಾರು, ಸಾವಿರಾರು ಅಳತೆಗಳಿಗೆ ಒಗ್ಗಿಕೊಂಡಿತ್ತು. 1906–07ರಲ್ಲಿ ಅವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ, ಕಾರ್ಲ್ ಪಿಯರ್ಸನ್ನರ ಪ್ರಯೋಗಾಲಯಕ್ಕೆ ಬಂದದ್ದು ಈ ತೊಡಕಿಗೆ ಪರಿಹಾರ ಹುಡುಕಿಕೊಂಡು.

ತೊಡಕು ಇಷ್ಟೆ. ಮಾದರಿಯ ಸರಾಸರಿ ಎಷ್ಟು ನಂಬಿಕೆಗೆ ಅರ್ಹ ಎಂದು ತಿಳಿಯಲು ಅಳತೆಗಳ ಚದುರಿಕೆ, ಅಂದರೆ ಮಾನಕ ವಿಚಲನೆ, ಗೊತ್ತಿರಬೇಕು. ಆ ಚದುರಿಕೆಯನ್ನೂ ಅದೇ ನಾಲ್ಕಾರು ಅಳತೆಗಳಿಂದಲೇ ಅಂದಾಜು ಮಾಡಬೇಕಾಗಿ ಬಂದಾಗ ಆ ಅಂದಾಜೇ ಅಲುಗಾಡುತ್ತದೆ. ಎಷ್ಟು ಅಲುಗಾಡುತ್ತದೆ ಎಂಬುದನ್ನು ಗೋಸೆಟ್ ಗಣಿತದಿಂದ ಊಹಿಸಿದರು. ಆಮೇಲೆ ಕೈಯಾರೆ ಪರೀಕ್ಷಿಸಿಯೂ ನೋಡಿದರು. 3000 ಅಪರಾಧಿಗಳ ಎತ್ತರ ಮತ್ತು ಎಡಗೈ ನಡುಬೆರಳಿನ ಉದ್ದವನ್ನು ರಟ್ಟಿನ ಚೀಟಿಗಳ ಮೇಲೆ ಬರೆದು, ಚೆನ್ನಾಗಿ ಕಲಸಿ, ನಾಲ್ಕು ನಾಲ್ಕರಂತೆ 750 ಮಾದರಿಗಳನ್ನು ತೆಗೆದರು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಈಗ ನಾವು ಸಿಮ್ಯುಲೇಶನ್ ಎನ್ನುವ ಕೆಲಸವನ್ನು ಅವರು ಚೀಟಿಗಳಿಂದ ಮಾಡಿದರು. 1908ರಲ್ಲಿ 'ಬಯೋಮೆಟ್ರಿಕಾ' ಪತ್ರಿಕೆಯಲ್ಲಿ ಫಲಿತಾಂಶ ಅಚ್ಚಾಯಿತು. ನೌಕರರು ಸ್ವಂತ ಹೆಸರಿನಲ್ಲಿ ಪ್ರಕಟಿಸುವುದಕ್ಕೆ ಕಾರ್ಖಾನೆಯ ಒಪ್ಪಿಗೆ ಇರಲಿಲ್ಲವಾದ್ದರಿಂದ ಲೇಖಕನ ಹೆಸರು 'ಸ್ಟೂಡೆಂಟ್' ಎಂದಷ್ಟೇ ಇತ್ತು. ಅದನ್ನು ಇಂದಿನ ಟಿ ರೂಪಕ್ಕೆ ತಂದು, ಸ್ವಾತಂತ್ರ್ಯದ ಡಿಗ್ರಿಗಳ ಆಧಾರದ ಮೇಲೆ ನಿಲ್ಲಿಸಿ, 1925ರ ತಮ್ಮ ಪುಸ್ತಕದ ಮೂಲಕ ಎಲ್ಲ ಪ್ರಯೋಗಾಲಯಗಳಿಗೂ ಮುಟ್ಟಿಸಿದವರು ರೊನಾಲ್ಡ್ ಫಿಶರ್.

ಕೋಷ್ಟಕದ ನಾಲ್ಕು ಅಂಕಿಗಳನ್ನು ಗಮನಿಸಿ. ಶೇ. 5ರ ಮಟ್ಟದಲ್ಲಿ, ಎರಡೂ ಬದಿಯ ಪರೀಕ್ಷೆಗೆ, ಸ್ವಾತಂತ್ರ್ಯದ ಡಿಗ್ರಿ 4 ಇದ್ದರೆ ಟಿ 2.776 ದಾಟಬೇಕು, 9 ಇದ್ದರೆ 2.262, 60 ಇದ್ದರೆ 2.000, ಮಾದರಿ ಬಹಳ ದೊಡ್ಡದಾದರೆ 1.96. ಕಡಿಮೆ ಜನರನ್ನು ನೋಡಿದವನು ಹೆಚ್ಚು ಬಲವಾದ ಸಾಕ್ಷ್ಯ ತರಬೇಕು. ಗೋಸೆಟ್ ನಮಗೆ ಕೊಟ್ಟ ಶಿಸ್ತು ಇದು.

ಈ ಪರಂಪರೆಗೂ ನಮಗೂ ಹತ್ತಿರದ ನಂಟಿದೆ. ಪಿಯರ್ಸನ್ ಇದ್ದ ಕಾಲೇಜಿನಲ್ಲೇ ಮನೋವಿಜ್ಞಾನದಲ್ಲಿ ಅಳತೆಯ ಹಾದಿ ತೆರೆದ ಚಾರ್ಲ್ಸ್ ಸ್ಪಿಯರ್‌ಮನ್ ಇದ್ದರು. ಅವರ ಬಳಿ ಕಲಿತ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದರು. ಅಳತೆಯ ಶಿಸ್ತು ನಮ್ಮಲ್ಲಿಗೆ ನಿನ್ನೆ ಮೊನ್ನೆ ಬಂದದ್ದಲ್ಲ.

2. ಒಂದೇ ಅಂಕಿ, ಎರಡು ಉತ್ತರ

ಗೋಸೆಟ್ 1908ರ ಲೇಖನದಲ್ಲಿ ಉದಾಹರಣೆಯಾಗಿ ಬಳಸಿದ್ದು ನಿದ್ದೆಯ ಅಂಕಿಗಳನ್ನು. ಕುಶ್ನಿ ಮತ್ತು ಪೀಬಲ್ಸ್ ಎಂಬವರು 1905ರಲ್ಲಿ ಪ್ರಕಟಿಸಿದ ಆ ಅಳತೆಗಳು ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಮಾನಸಿಕ ಆಸ್ಪತ್ರೆಯ ರೋಗಿಗಳವು. ಹತ್ತು ಮಂದಿಗೆ ಬೇರೆ ಬೇರೆ ರಾತ್ರಿಗಳಲ್ಲಿ ಎರಡು ಔಷಧ ಕೊಟ್ಟು, ಔಷಧವಿಲ್ಲದ ರಾತ್ರಿಗಳಿಗಿಂತ ಎಷ್ಟು ಗಂಟೆ ಹೆಚ್ಚು ನಿದ್ದೆ ಬಂತೆಂದು ಬರೆದಿಟ್ಟಿದ್ದರು.

ಒಂದನೆಯ ಔಷಧಕ್ಕೆ: 0.7, −1.6, −0.2, −1.2, −0.1, 3.4, 3.7, 0.8, 0.0, 2.0. ಎರಡನೆಯದಕ್ಕೆ, ಅದೇ ರೋಗಿಗಳ ಅದೇ ಕ್ರಮದಲ್ಲಿ: 1.9, 0.8, 1.1, 0.1, −0.1, 4.4, 5.5, 1.6, 4.6, 3.4. ಮೊದಲನೆಯದರ ಸರಾಸರಿ 0.75 ಗಂಟೆ, ಎರಡನೆಯದರದು 2.33 ಗಂಟೆ, ವ್ಯತ್ಯಾಸ 1.58 ಗಂಟೆ.

ವಿದ್ಯಾರ್ಥಿಗಳು ಈ ಇಪ್ಪತ್ತು ಅಂಕಿಗಳನ್ನು ಬರೆದುಕೊಂಡು ಇವತ್ತೇ ಲೆಕ್ಕ ಮಾಡಿ ನೋಡಬೇಕು. ಇವರು ಇಪ್ಪತ್ತು ಬೇರೆ ಬೇರೆ ಜನ, ಎರಡು ಸ್ವತಂತ್ರ ಗುಂಪು ಎಂದುಕೊಂಡು ಪರೀಕ್ಷೆ ಮಾಡಿದರೆ ಟಿ 1.86, ಪಿ ಮೌಲ್ಯ ಸುಮಾರು 0.079. ನಮ್ಮ ಪ್ರಬಂಧಗಳ ಭಾಷೆಯಲ್ಲಿ 'ಸಾರ್ಥಕ ವ್ಯತ್ಯಾಸವಿಲ್ಲ'. ಇವರು ಅದೇ ಹತ್ತು ಜನ ಎಂಬ ಸಂಗತಿಯನ್ನು ಗೌರವಿಸಿ, ಪ್ರತಿ ರೋಗಿಯ ಎರಡು ಅಳತೆಗಳ ವ್ಯತ್ಯಾಸವನ್ನು ತೆಗೆದುಕೊಂಡರೆ ಸರಾಸರಿ ಅದೇ 1.58, ಆದರೆ ಟಿ 4.06, ಪಿ ಸುಮಾರು 0.003.

ಅಂಕಿಗಳು ಬದಲಾಗಲಿಲ್ಲ, ಸರಾಸರಿಗಳು ಬದಲಾಗಲಿಲ್ಲ. ತೀರ್ಪು ತಿರುಗಿ ನಿಂತಿತು. ಏಕೆ? ಟಿ ಒಂದು ಭಿನ್ನರಾಶಿ. ಮೇಲೆ ಸರಾಸರಿಗಳ ವ್ಯತ್ಯಾಸ. ಕೆಳಗೆ ಆ ವ್ಯತ್ಯಾಸದ ಮಾನಕ ದೋಷ. ಸಂತೆಯಲ್ಲಿ ಕೂಗಿದರೂ ಕೇಳದ ಮಾತು ಮನೆಯೊಳಗೆ ಮೆಲ್ಲಗೆ ಆಡಿದರೂ ಕೇಳುತ್ತದೆ; ಕೆಳಗಿನ ಅಂಕಿ ಆ ಗದ್ದಲದ ಅಳತೆ. ಮನುಷ್ಯರು ನಿದ್ದೆಯಲ್ಲಿ ಒಬ್ಬರಿಗಿಂತ ಒಬ್ಬರು ಬಹಳ ಭಿನ್ನ. ಆರನೆಯ, ಏಳನೆಯ ರೋಗಿಗಳಿಗೆ ಯಾವ ಔಷಧ ಕೊಟ್ಟರೂ ನಿದ್ದೆ ಹೆಚ್ಚುತ್ತದೆ. ಐದನೆಯವನಿಗೆ ಯಾವುದೂ ನಾಟುವುದಿಲ್ಲ. ಸ್ವತಂತ್ರ ಗುಂಪುಗಳ ಲೆಕ್ಕದಲ್ಲಿ ಈ ಭಿನ್ನತೆಯೆಲ್ಲ ಗದ್ದಲವಾಗಿ ಕೆಳಗೆ ಸೇರಿ ಮಾನಕ ದೋಷ 0.85 ಗಂಟೆಯಾಗುತ್ತದೆ. ಜೋಡಿ ಲೆಕ್ಕದಲ್ಲಿ ಪ್ರತಿಯೊಬ್ಬನೂ ತನಗೆ ತಾನೇ ಅಳತೆಗೋಲು. ಮಾನಕ ದೋಷ 0.39ಕ್ಕೆ ಇಳಿಯುತ್ತದೆ.

ಆದ್ದರಿಂದ ತರಬೇತಿಗೆ ಮೊದಲು ಮತ್ತು ನಂತರ ಅದೇ ಮಕ್ಕಳನ್ನು ಅಳೆದವರು ಸ್ವತಂತ್ರ ಗುಂಪುಗಳ ಪರೀಕ್ಷೆಯನ್ನು ಒತ್ತಿದರೆ, ತಮ್ಮದೇ ದುಡಿಮೆಯ ಫಲವನ್ನು ಚೆಲ್ಲಿದಂತೆ. ಯಾವ ಮಗುವಿನ ಮೊದಲ ಅಂಕ ಯಾವುದು, ನಂತರದ್ದು ಯಾವುದು ಎಂಬ ಗುರುತೇ ಇಲ್ಲದೆ ಉತ್ತರಪತ್ರಿಕೆಗಳನ್ನು ಕಟ್ಟಿಟ್ಟರೆ ಆ ಫಲವನ್ನು ಆಮೇಲೆ ಯಾವ ತಂತ್ರಾಂಶವೂ ಮರಳಿ ಕೊಡಲಾರದು.

ಇದೇ ಅಂಕಿಗಳು ಇನ್ನೊಂದು ಪಾಠವನ್ನೂ ಕಲಿಸುತ್ತವೆ. ಒಂಬತ್ತನೆಯ ರೋಗಿಯ ವ್ಯತ್ಯಾಸ 4.6 ಗಂಟೆ, ಉಳಿದವರೆಲ್ಲರಿಗಿಂತ ಬಹಳ ಹೆಚ್ಚು. ಆತನನ್ನು ಬಿಟ್ಟು ಲೆಕ್ಕ ಮಾಡಿದರೆ ಸರಾಸರಿ ವ್ಯತ್ಯಾಸ 1.24ಕ್ಕೆ ಇಳಿಯುತ್ತದೆ, ಟಿ ಮಾತ್ರ 5.66ಕ್ಕೆ ಏರುತ್ತದೆ. ಔಷಧದ ಪರವಾಗಿ ಅತಿ ಜೋರಾಗಿ ನುಡಿದ ಸಾಕ್ಷಿಯೇ ಟಿಯನ್ನು ತಗ್ಗಿಸುತ್ತಿದ್ದ, ಏಕೆಂದರೆ ಆತ ಚದುರಿಕೆಯನ್ನೂ ಹಿಗ್ಗಿಸುತ್ತಿದ್ದ. ಟಿ ದೊಡ್ಡದೆಂದರೆ ಪರಿಣಾಮ ದೊಡ್ಡದು ಎಂದು ಬರೆಯುವವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಮೂರನೆಯ ಪಾಠ ಗಂಭೀರವಾದದ್ದು. ಗೋಸೆಟ್ಟರ ಕೋಷ್ಟಕದಲ್ಲಿ ಔಷಧಗಳ ಹೆಸರುಗಳು ತಪ್ಪಾಗಿ ನಮೂದಾದವು. ಫಿಶರ್ ಅದನ್ನು ಹಾಗೆಯೇ ತಮ್ಮ ಪುಸ್ತಕಕ್ಕೆ ತೆಗೆದುಕೊಂಡರು. ಲೆಕ್ಕ ಸರಿಯಿತ್ತು, ಲೆಕ್ಕ ಯಾವುದರ ಬಗ್ಗೆ ಎಂಬುದು ತಪ್ಪಿತ್ತು. ಸಂಖ್ಯಾಶಾಸ್ತ್ರದ ಇಬ್ಬರು ಮಹನೀಯರ ಕಣ್ಣು ತಪ್ಪಿಸಿದ ದೋಷ ನಮ್ಮ ಕಣ್ಣನ್ನೂ ತಪ್ಪಿಸಬಲ್ಲದು. ಆದ್ದರಿಂದ ಕಚ್ಚಾ ದತ್ತಾಂಶದ ಮೂಲಕ್ಕೆ ಹೋಗಿ ನೋಡುವ ಅಭ್ಯಾಸ ಯಾವ ಸೂತ್ರಕ್ಕಿಂತಲೂ ಮುಖ್ಯ.

3. ಲಾನರ್ಕ್‌ಶೈರಿನ ಹಾಲು

ಈಗ ಇನ್ನೊಂದು ತುದಿಗೆ ಬರೋಣ. 1930ರಲ್ಲಿ ಸ್ಕಾಟ್ಲೆಂಡಿನ ಲಾನರ್ಕ್‌ಶೈರಿನಲ್ಲಿ ಇಪ್ಪತ್ತು ಸಾವಿರ ಶಾಲಾ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಫೆಬ್ರುವರಿಯಿಂದ ಜೂನ್‌ವರೆಗೆ ಹತ್ತು ಸಾವಿರ ಮಕ್ಕಳಿಗೆ ದಿನವೂ ಮುಕ್ಕಾಲು ಪಿಂಟ್ ಹಾಲು. ಅವರಲ್ಲಿ ಅರ್ಧದಷ್ಟು ಮಂದಿಗೆ ಹಸಿ ಹಾಲು, ಉಳಿದವರಿಗೆ ಪಾಶ್ಚೀಕರಿಸಿದ ಹಾಲು. ಇನ್ನು ಹತ್ತು ಸಾವಿರ ಮಕ್ಕಳಿಗೆ ಹಾಲಿಲ್ಲ. ಎಲ್ಲರ ತೂಕ, ಎತ್ತರಗಳನ್ನು ಆರಂಭದಲ್ಲೂ ಕೊನೆಯಲ್ಲೂ ಅಳೆದರು. ಇಷ್ಟು ದೊಡ್ಡ ಮಾದರಿ ನಮ್ಮ ಯಾವ ಸಂಶೋಧಕರಿಗೆ ಸಿಕ್ಕೀತು?

ಅದೇ ಗೋಸೆಟ್ 1931ರಲ್ಲಿ ಈ ಪ್ರಯೋಗವನ್ನು ವಿಮರ್ಶಿಸಿ ಬರೆದರು. ಮಕ್ಕಳನ್ನು ಆರಿಸಿದ್ದು ಚೀಟಿ ಎತ್ತಿ ಅಥವಾ ಅಕಾರಾದಿಯಾಗಿ. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಿತ್ತು. ಒಂದು ಗುಂಪಿನಲ್ಲಿ ಚೆನ್ನಾಗಿ ಉಂಡು ಬೆಳೆದವರೋ ಸೊರಗಿದವರೋ ಹೆಚ್ಚಾದಂತೆ ಕಂಡರೆ ಅದಲುಬದಲು ಮಾಡಿ ಸರಿದೂಗಿಸಬಹುದೆಂದು ಶಿಕ್ಷಕರಿಗೆ ಹೇಳಲಾಗಿತ್ತು. ಶಿಕ್ಷಕರು ಮನುಷ್ಯರು. ಬಡ ಮಗು ಹಾಲಿಲ್ಲದ ಗುಂಪಿಗೆ ಬಿದ್ದಾಗ ಅವರ ಕರುಳು ಚುರ್ ಎಂದಿರಬೇಕು. ಪರಿಣಾಮವಾಗಿ, ಹಾಲಿಲ್ಲದ ಗುಂಪಿನ ಮಕ್ಕಳು ಆರಂಭದಲ್ಲೇ ತೂಕದಲ್ಲೂ ಎತ್ತರದಲ್ಲೂ ಕೆಲವು ತಿಂಗಳ ಬೆಳವಣಿಗೆಯಷ್ಟು ಮುಂದಿದ್ದರು. ಮೇಲಾಗಿ ಮಕ್ಕಳನ್ನು ತೂಗಿದ್ದು ಬಟ್ಟೆಯ ಸಮೇತ, ಮೊದಲ ಸಲ ಚಳಿಗಾಲದಲ್ಲಿ, ಎರಡನೆಯ ಸಲ ಬೇಸಗೆಯಲ್ಲಿ. ಉಳ್ಳವರ ಮಕ್ಕಳ ದಪ್ಪ ಉಡುಪು ಬೇಸಗೆಗೆ ಕಳಚಿತು. ಬಡ ಮಕ್ಕಳಿಗೆ ಕಳಚಲು ಹೆಚ್ಚೇನೂ ಇರಲಿಲ್ಲ. ಬಟ್ಟೆಯ ತೂಕ ಹಾಲಿನ ಲೆಕ್ಕದೊಳಗೆ ಸೇರಿಹೋಯಿತು.

ಗೋಸೆಟ್ ಕೊಟ್ಟ ಸಲಹೆ ಇದು: ಒಂದೇ ರೂಪದ ಅವಳಿ ಮಕ್ಕಳ ಐವತ್ತು ಜೋಡಿಗಳನ್ನು ಹುಡುಕಿ, ಪ್ರತಿ ಜೋಡಿಯಲ್ಲಿ ಒಬ್ಬರಿಗೆ ಚೀಟಿ ಎತ್ತಿ ಹಾಲು ಕೊಟ್ಟಿದ್ದರೆ, ಅಲ್ಪ ಖರ್ಚಿನಲ್ಲಿ ಇನ್ನೂ ನಂಬಲರ್ಹ ಉತ್ತರ ಸಿಗುತ್ತಿತ್ತು. ಇಪ್ಪತ್ತು ಸಾವಿರದ ಜಾಗದಲ್ಲಿ ನೂರು ಮಕ್ಕಳು! ಕಲಮಜೂವಿನ ಹತ್ತು ರೋಗಿಗಳ ಜೋಡಿ ಹೋಲಿಕೆ ಹೇಳಿದ್ದನ್ನೇ ಇದೂ ಹೇಳುತ್ತದೆ.

2013ರಿಂದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲಾ ಮಕ್ಕಳಿಗೆ ಹಾಲು ಕೊಡುತ್ತಿರುವ ನಮ್ಮ ರಾಜ್ಯದಲ್ಲಿ ಈ ಕಥೆಗೆ ನೇರ ಅರ್ಥವಿದೆ. ಹಾಲು ಕುಡಿಯುವ ಸರ್ಕಾರಿ ಶಾಲೆಯ ಮಕ್ಕಳನ್ನೂ ಕುಡಿಯದ ಖಾಸಗಿ ಶಾಲೆಯ ಮಕ್ಕಳನ್ನೂ ಅಳೆದು ಯಾರಾದರೂ ಟಿ ಮೌಲ್ಯ ತೆಗೆದರೆ, ಅದು ಹಾಲಿನ ಬಗ್ಗೆ ಏನನ್ನೂ ಹೇಳದು. ಮನೆಯ ಆದಾಯ, ತಾಯಿಯ ಓದು, ಊರಿನ ನೀರು ಎಲ್ಲವೂ ಆ ಒಂದು ಅಂಕಿಯೊಳಗೆ ಬೆರೆತಿರುತ್ತವೆ. ಹುಡುಗ–ಹುಡುಗಿ, ನಗರ–ಗ್ರಾಮ ಹೋಲಿಕೆಗಳಿಗೂ ಇದೇ ಎಚ್ಚರ ಬೇಕು. ಅಲ್ಲಿ ಟಿ ಪರೀಕ್ಷೆ ವ್ಯತ್ಯಾಸವಿದೆಯೇ ಎಂದು ಹೇಳಬಲ್ಲದು. ಏಕಿದೆ ಎಂದು ಹೇಳಲಾರದು. ಕಾರಣ ಹೇಳುವ ಹಕ್ಕು ಬರುವುದು ಗುಂಪುಗಳನ್ನು ಯಾದೃಚ್ಛಿಕವಾಗಿ, ಯಾರ ಇಷ್ಟಾನಿಷ್ಟಕ್ಕೂ ಬಿಡದೆ ಹಂಚಿದಾಗ.

ಇಲ್ಲಿ ಇನ್ನೊಂದು ದೋಷವನ್ನೂ ಹೇಳಬೇಕು. ಒಂದು ಶಾಲೆಯ ಎಂಟನೆಯ ತರಗತಿಗೆ ಹೊಸ ಬೋಧನಾ ವಿಧಾನ, ಇನ್ನೊಂದು ಶಾಲೆಯ ಎಂಟನೆಯ ತರಗತಿಗೆ ಹಳೆಯದು. ಒಂದೊಂದರಲ್ಲಿ ನಲವತ್ತು ಮಕ್ಕಳು ಎಂದುಕೊಳ್ಳಿ. ಕೋಷ್ಟಕದಲ್ಲಿ ಸ್ವಾತಂತ್ರ್ಯದ ಡಿಗ್ರಿ 78 ಎಂದು ಬರೆಯುತ್ತೇವೆ. ಆದರೆ ಆ ನಲವತ್ತು ಮಕ್ಕಳಿಗೆ ಒಬ್ಬರೇ ಮೇಷ್ಟ್ರು, ಒಂದೇ ಕೊಠಡಿ, ಒಂದೇ ವೇಳಾಪಟ್ಟಿ. ಹೊಸ ವಿಧಾನ ಹೋದದ್ದು ಒಂದು ತರಗತಿಗೆ, ನಲವತ್ತು ಪ್ರತ್ಯೇಕ ಮಕ್ಕಳಿಗಲ್ಲ. ವಿಧಾನದ ಗುಣವನ್ನೂ ಮೇಷ್ಟರ ಗುಣವನ್ನೂ ಬಿಡಿಸಿ ನೋಡುವ ದಾರಿ ಆ ದತ್ತಾಂಶದಲ್ಲಿ ಇಲ್ಲ. ಅಳತೆಗಳು ಪರಸ್ಪರ ಸ್ವತಂತ್ರವಾಗಿರಬೇಕೆಂಬ ನಿಬಂಧನೆ ಮುರಿದರೆ ಟಿ ಪರೀಕ್ಷೆ ಬುಡದಿಂದಲೇ ಅಲುಗುತ್ತದೆ.

ಇದಕ್ಕೆ ಹೋಲಿಸಿದರೆ ನಾವು ಹೆಚ್ಚು ಚಿಂತಿಸುವ ನಿಬಂಧನೆಗಳು ಹಗುರವಾದವು. ಅಳತೆಗಳು ಪ್ರಸಾಮಾನ್ಯ ವಕ್ರರೇಖೆಯಿಂದ ಕೊಂಚ ಸರಿದಿದ್ದರೆ, ಮಾದರಿ ಸಾಕಷ್ಟಿದ್ದಾಗ ಪರೀಕ್ಷೆ ತಾಳಿಕೊಳ್ಳುತ್ತದೆ. ಎರಡು ಗುಂಪುಗಳ ಚದುರಿಕೆ ಅಸಮವಾಗಿದ್ದರೆ, ಅದರಲ್ಲೂ ಗುಂಪುಗಳ ಗಾತ್ರವೂ ಅಸಮವಾಗಿದ್ದರೆ, ಬಿ.ಎಲ್. ವೆಲ್ಚ್ ರೂಪಿಸಿದ ವಿಧಾನ ಕೈಗೆ ಸಿಗುವಂತಿದೆ. ಎಸ್‌ಪಿಎಸ್‌ಎಸ್ ತಂತ್ರಾಂಶ ತೋರಿಸುವ ಎರಡು ಸಾಲುಗಳಲ್ಲಿ ಎರಡನೆಯದು ಅದೇ. ಆರ್ ತಂತ್ರಾಂಶ ನಾವು ಬೇರೆ ಹೇಳದಿದ್ದರೆ ಅದನ್ನೇ ಬಳಸುತ್ತದೆ. ಸ್ವತಂತ್ರ ಗುಂಪುಗಳಿಗೆ ಅದನ್ನೇ ರೂಢಿ ಮಾಡಿಕೊಳ್ಳಿ ಎಂಬುದು ನನ್ನ ಸಲಹೆ.

4. ಪಿ ಮೌಲ್ಯದ ಆಚೆಗೆ

ಪಿ ಮೌಲ್ಯ ಏನು ಹೇಳುತ್ತದೆ? ನಿಜದಲ್ಲಿ ವ್ಯತ್ಯಾಸವೇ ಇಲ್ಲದಿದ್ದರೆ, ಕೇವಲ ಆಕಸ್ಮಿಕದಿಂದ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಟಿ ಬರುವ ಸಂಭವ ಎಷ್ಟು ಎಂದು ಹೇಳುತ್ತದೆ. ಪ್ರಾಕ್ಕಲ್ಪನೆ ಸುಳ್ಳಾಗಿರುವ ಸಂಭವವನ್ನು ಅದು ಹೇಳುವುದಿಲ್ಲ; ವ್ಯತ್ಯಾಸ ಎಷ್ಟು ದೊಡ್ಡದೆಂದೂ ಹೇಳುವುದಿಲ್ಲ. 0.05 ಎಂಬ ಗೆರೆ ಫಿಶರ್ ಅನುಕೂಲಕ್ಕೆಂದು ಸೂಚಿಸಿದ್ದು. 0.049 ಬಂದಾಗ ಹಿಗ್ಗಿ 0.051 ಬಂದಾಗ ಕುಗ್ಗುವುದಕ್ಕೆ ಗಣಿತದಲ್ಲಿ ಆಧಾರವಿಲ್ಲ. ಪಿ 0.05ಕ್ಕಿಂತ ಹೆಚ್ಚಾದರೆ ಶೂನ್ಯ ಪ್ರಾಕ್ಕಲ್ಪನೆಯನ್ನು 'ಸ್ವೀಕರಿಸಲಾಗಿದೆ' ಎಂದು ಬರೆಯುವುದೂ ತಪ್ಪು. ತಿರಸ್ಕರಿಸಲು ಸಾಕಷ್ಟು ಆಧಾರ ಸಿಗಲಿಲ್ಲ, ಅಷ್ಟೆ.

ನಿದ್ದೆಯ ಅಂಕಿಗಳಿಗೆ ಮತ್ತೆ ಹೋಗಿ. ಜೋಡಿ ಲೆಕ್ಕದಲ್ಲಿ ಶೇ. 95ರ ವಿಶ್ವಾಸ ವ್ಯಾಪ್ತಿ 0.70ರಿಂದ 2.46 ಗಂಟೆ. ಎರಡನೆಯ ಔಷಧ ಸುಮಾರು ಮುಕ್ಕಾಲು ಗಂಟೆಯಿಂದ ಎರಡೂವರೆ ಗಂಟೆಯವರೆಗೆ ಹೆಚ್ಚು ನಿದ್ದೆ ತರಬಲ್ಲದು ಎಂಬ ಈ ಒಂದು ವಾಕ್ಯ ವೈದ್ಯರಿಗೂ ರೋಗಿಗೂ ಉಪಯೋಗಕ್ಕೆ ಬರುತ್ತದೆ. 'ಸಾರ್ಥಕ ವ್ಯತ್ಯಾಸವಿದೆ' ಎಂಬ ವಾಕ್ಯದಿಂದ ಅವರಿಗೆ ಏನು ಸಿಕ್ಕಿತು?

ಮನೋವಿಜ್ಞಾನದ ಎಷ್ಟೋ ಮಾಪನಗಳಿಗೆ ಗಂಟೆ, ಕಿಲೋಗಳಂಥ ಪರಿಚಿತ ಮಾನವಿಲ್ಲ. ಅಂಥಲ್ಲಿ ಜೇಕಬ್ ಕೋಹೆನ್ ಕೊಟ್ಟ 'ಡಿ' ನೆರವಾಗುತ್ತದೆ: ವ್ಯತ್ಯಾಸವನ್ನು ಮಾನಕ ವಿಚಲನೆಯಿಂದ ಭಾಗಿಸುವುದು. 0.2 ಸಣ್ಣದು, 0.5 ಮಧ್ಯಮ, 0.8 ದೊಡ್ಡದು ಎಂಬುದು ಅವರ ಸ್ಥೂಲ ಸೂಚನೆ. ಒಂದು ಮನೋವಿಜ್ಞಾನ ಪತ್ರಿಕೆಯಲ್ಲಿ ಬಂದ ಅಧ್ಯಯನಗಳನ್ನು 1962ರಲ್ಲಿ ಪರಿಶೀಲಿಸಿದ ಕೋಹೆನ್, ಮಧ್ಯಮ ಗಾತ್ರದ ಪರಿಣಾಮವನ್ನು ಪತ್ತೆಹಚ್ಚುವ ಶಕ್ತಿ ಅವುಗಳಿಗೆ ಸರಾಸರಿ ಅರ್ಧದಷ್ಟೂ ಇಲ್ಲವೆಂದು ತೋರಿಸಿದರು.

ಇದರ ಪರಿಣಾಮ ಎಷ್ಟು ಆಳವಾದದ್ದೆಂದು ನೋಡಿ. ಗುಂಪಿಗೆ ಇಪ್ಪತ್ತು ಜನರಂತೆ ಹೋಲಿಸಿದಾಗ, ನಿಜವಾದ ಡಿ 0.5 ಇದ್ದರೂ, ಅದು ಸಾರ್ಥಕವೆಂದು ಹೊರಬರುವುದು ಸುಮಾರು ಮೂರರಲ್ಲಿ ಒಂದು ಸಲ. ಹಾಗೆ ಹೊರಬರಬೇಕಾದರೆ ಆ ಮಾದರಿಯಲ್ಲಿ ಡಿ ಕನಿಷ್ಠ 0.64 ಆಗಿರಲೇಬೇಕು. ಅಂದರೆ ಗೆರೆ ದಾಟಿ ಅಚ್ಚಾಗುವ ಪ್ರತಿ ಫಲಿತಾಂಶವೂ ನಿಜಕ್ಕಿಂತ ಉಬ್ಬಿಕೊಂಡೇ ಅಚ್ಚಾಗುತ್ತದೆ. ನೂರು ಮನೋವಿಜ್ಞಾನ ಅಧ್ಯಯನಗಳನ್ನು ಹಲವು ದೇಶಗಳ ಸಂಶೋಧಕರು ಸೇರಿ ಮರಳಿ ಮಾಡಿ 2015ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದಾಗ, ಮೂಲದಲ್ಲಿ ಶೇ. 97ರಷ್ಟು ಸಾರ್ಥಕವಾಗಿದ್ದವು, ಮರುಪ್ರಯೋಗದಲ್ಲಿ ಶೇ. 36 ಮಾತ್ರ. ಪರಿಣಾಮದ ಗಾತ್ರ ಸರಾಸರಿ ಅರ್ಧಕ್ಕೆ ಇಳಿದಿತ್ತು. ಇದಕ್ಕೆ ಯಾರ ಮೋಸವೂ ಬೇಕಿಲ್ಲ. ಸಣ್ಣ ಮಾದರಿ, ಗೆರೆ ದಾಟಿದ್ದನ್ನೇ ಪ್ರಕಟಿಸುವ ರೂಢಿ ಎರಡೇ ಸಾಕು.

ಇದಕ್ಕೆ ಹಲವು ಪರೀಕ್ಷೆಗಳ ಚಟವೂ ಸೇರುತ್ತದೆ. ಯಾವ ವ್ಯತ್ಯಾಸವೂ ಇಲ್ಲದ ದತ್ತಾಂಶದ ಮೇಲೆ ಇಪ್ಪತ್ತು ಸ್ವತಂತ್ರ ಟಿ ಪರೀಕ್ಷೆ ಮಾಡಿದರೆ, ಒಂದಾದರೂ 'ಸಾರ್ಥಕ' ಬರುವ ಸಂಭವ ಶೇ. 64. ಹಲವು ಅಳತೆಗಳಲ್ಲಿ ಗುಂಪುಗಳನ್ನು ಒಟ್ಟಿಗೇ ಹೋಲಿಸಲು ಬೇರೆ ಗಣಿತವಿದೆ. ಹೆರಾಲ್ಡ್ ಹೊಟೆಲಿಂಗ್ 1931ರಲ್ಲಿ ಟಿಯನ್ನು ಆ ದಿಕ್ಕಿಗೆ ವಿಸ್ತರಿಸಿದರು. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ 1936ರಲ್ಲಿ ಗುಂಪುಗಳ ನಡುವಣ ದೂರವನ್ನು ಅಳೆಯುವ ಸೂತ್ರ ಕೊಟ್ಟರು. ಆ ದಾರಿಯನ್ನು ಹೆದ್ದಾರಿ ಮಾಡಿದವರಲ್ಲಿ ಪ್ರಮುಖರಾದ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. ಸುಡಾನಿನ ಜೆಬೆಲ್ ಮೋಯಾದಲ್ಲಿ ಸಿಕ್ಕ ಪ್ರಾಚೀನ ಅಸ್ಥಿಗಳ ಅಳತೆಗಳನ್ನು ಕೇಂಬ್ರಿಜ್‌ನಲ್ಲಿ ಕುಳಿತು ಹೋಲಿಸಿದ ಅವರ ಕೆಲಸ, ಎರಡು ಗುಂಪುಗಳ ಪ್ರಶ್ನೆ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಮಾದರಿ.

5. ವಿದ್ಯಾರ್ಥಿಗಳಿಗೆ, ಮಾರ್ಗದರ್ಶಕರಿಗೆ

ವಿದ್ಯಾರ್ಥಿಗಳೇ, ಅಳತೆ ಶುರು ಮಾಡುವ ಮುನ್ನವೇ ಒಂದು ಹಾಳೆಯಲ್ಲಿ ಬರೆದಿಡಿ: ಯಾವ ಎರಡು ಗುಂಪು, ಅವು ಹೇಗೆ ಆದವು, ಮುಖ್ಯ ಅಳತೆ ಯಾವುದು, ಎಷ್ಟು ವ್ಯತ್ಯಾಸ ಬಂದರೆ ಅದಕ್ಕೆ ಬೆಲೆ ಇದೆ. ಆ ವ್ಯತ್ಯಾಸಕ್ಕೆ ತಕ್ಕಷ್ಟು ಜನರನ್ನು ಸೇರಿಸಿ. ಡಿ 0.5 ಇದ್ದರೆ, ಐದರಲ್ಲಿ ನಾಲ್ಕು ಸಲವಾದರೂ ಅದು ಕಾಣಬೇಕಾದರೆ, ಗುಂಪಿಗೆ 64 ಜನ ಬೇಕು, 0.2 ಇದ್ದರೆ ಸುಮಾರು 394. ಅಷ್ಟು ಜನರನ್ನು ಮುಟ್ಟಲಾಗದಿದ್ದರೆ ಅದೇ ಜನರನ್ನು ಎರಡು ಬಾರಿ ಅಳೆಯುವ ವಿನ್ಯಾಸವನ್ನು ಯೋಚಿಸಿ. ಪ್ರಬಂಧದಲ್ಲಿ ಸರಾಸರಿ ವ್ಯತ್ಯಾಸ, ಅದರ ವಿಶ್ವಾಸ ವ್ಯಾಪ್ತಿ, ಪರಿಣಾಮದ ಗಾತ್ರ ಮೂರನ್ನೂ ಮೊದಲು ಬರೆಯಿರಿ. ಟಿ ಮತ್ತು ಪಿ ಅವುಗಳ ಹಿಂದೆ ಬರಲಿ. ಮಾಡಿದ ಪರೀಕ್ಷೆಗಳೆಲ್ಲವನ್ನೂ ಹೇಳಿ, ಫಲ ಕೊಟ್ಟವನ್ನಷ್ಟೇ ಅಲ್ಲ.

ಮಾರ್ಗದರ್ಶಕರಲ್ಲಿ, ಪರೀಕ್ಷಕರಲ್ಲಿ ನನ್ನದೊಂದು ವಿನಂತಿ. ಚೆನ್ನಾಗಿ ಯೋಜಿಸಿ ಪ್ರಾಮಾಣಿಕವಾಗಿ ಅಳೆದ ಅಧ್ಯಯನದಲ್ಲಿ ಸಾರ್ಥಕ ವ್ಯತ್ಯಾಸ ಬಾರದಿದ್ದರೆ ಆ ವಿದ್ಯಾರ್ಥಿಯ ಮುಖ ಬಾಡದಂತೆ ನೋಡಿಕೊಳ್ಳಿ. ಮೌಖಿಕ ಪರೀಕ್ಷೆಯಲ್ಲಿ 'ಟಿ ಎಷ್ಟು ಬಂತು?' ಎಂದು ಕೇಳುವ ಮೊದಲು 'ಈ ಎರಡು ಗುಂಪು ಹೇಗಾಯಿತು?' ಎಂದು ಕೇಳಿ. ಆ ಒಂದು ಪ್ರಶ್ನೆ ನಮ್ಮ ವಿಭಾಗಗಳಲ್ಲಿ ರೂಢಿಯಾದರೆ, ಹತ್ತು ವರ್ಷಗಳಲ್ಲಿ ನಮ್ಮ ಸಂಶೋಧನೆಯ ಗುಣವೇ ಬದಲಾಗುತ್ತದೆ ಎಂಬ ನಂಬಿಕೆ ನನ್ನದು. ನಮ್ಮ ಮಕ್ಕಳ ಕಲಿಕೆ, ನಮ್ಮ ಜನರ ಮನಸ್ಸಿನ ಆರೋಗ್ಯ ಕುರಿತ ತೀರ್ಮಾನಗಳು ಈ ಕೋಷ್ಟಕಗಳ ಮೇಲೆ ನಿಲ್ಲುತ್ತವೆ. ಅವು ಗಟ್ಟಿಯಾಗಿರಬೇಕು.